ಐ ವಾಶ್ ಸ್ಟೇಷನ್ ಗೋಡೆಗೆ ಹಾಕಿದರೆ ಸಾಲದು, ವಾರ ವಾರ ಓಡಿಸಬೇಕು

ಕಣ್ಣಿಗೆ ಆಸಿಡ್ಡೋ ಕಾಸ್ಟಿಕ್ಕೋ ಸಿಡಿದರೆ ಆಮೇಲೆ ಡಾಕ್ಟರು, ಆಸ್ಪತ್ರೆ, ಔಷಧಿ ಎಲ್ಲ ಬೇಕು, ನಿಜ. ಆದರೆ ದೃಷ್ಟಿ ಎಷ್ಟು ಉಳಿಯುತ್ತದೆ ಅನ್ನುವುದು ಬಹಳ ಮಟ್ಟಿಗೆ ಆಂಬುಲೆನ್ಸ್ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಆ ಹೊತ್ತಿಗೆ ಬೇಕಾಗಿರುವುದು ನೀರು. ತಡ ಮಾಡದೆ, ಎರಡೂ ಕಣ್ಣಿಗೆ, ಕನಿಷ್ಠ 15 ನಿಮಿಷ ನಿಲ್ಲದೆ ಬರುವ ಶುದ್ಧ ನೀರು. ಹಿಡಿ ಒತ್ತಿದರೆ ಎರಡು ನಾಜಲ್‌ಗಳಿಂದ, ಅಂದರೆ ನೀರು ಹೊರಬರುವ ಬಾಯಿಗಳಿಂದ, ಕಣ್ಣಿಗೆ ನೀರು ಬಿಡುವ ಘಟಕವೇ ಐ ವಾಶ್ ಸ್ಟೇಷನ್, ಅದು ಇರುವುದೇ ಇದಕ್ಕೆ.

ಕಷ್ಟ ಏನೆಂದರೆ, ಇದನ್ನು ಯಾರೂ ದಿನಾ ಬಳಸುವುದಿಲ್ಲ. ಕೈ ತೊಳೆಯುವ ನಲ್ಲಿ ಕೆಟ್ಟರೆ ಅರ್ಧ ಗಂಟೆಯೊಳಗೆ ನಾಲ್ಕು ಜನ ಬಂದು ಹೇಳುತ್ತಾರೆ. ಐ ವಾಶ್ ಕೆಟ್ಟು ತಿಂಗಳುಗಟ್ಟಲೆ ಆದರೂ ಹೇಳುವವರು ಯಾರೂ ಇರುವುದಿಲ್ಲ, ಯಾಕೆಂದರೆ ಅದು ಕೆಟ್ಟಿದೆ ಅಂತ ಮೊದಲು ಗೊತ್ತಾಗುವುದೇ ಕಣ್ಣು ಬಿಡಲಾಗದ ಒಬ್ಬ ಮನುಷ್ಯ ತಡಕಾಡಿಕೊಂಡು ಬಂದು ಅದರ ಹಿಡಿ ಒತ್ತಿದಾಗ. ಅದಕ್ಕೇ ಹೇಳುತ್ತೇನೆ, ವಾರಕ್ಕೊಮ್ಮೆ ಓಡಿಸಿ ನೋಡದ ಐ ವಾಶನ್ನು ನಮ್ಮಲ್ಲಿ ಇದೆ ಅಂತ ಲೆಕ್ಕಕ್ಕೇ ಹಿಡಿಯಬೇಡಿ.

ಕಣ್ಣಿನಲ್ಲಿ ಏನಾಗುತ್ತದೆ

ಕಣ್ಣಿನ ಮುಂಭಾಗದಲ್ಲಿ ಗಾಜಿನಂತೆ ಕಾಣುವ ಪದರ ಇದೆಯಲ್ಲ, ಅದು ಕಾರ್ನಿಯಾ. ಅದರ ದಪ್ಪ ಮಧ್ಯಭಾಗದಲ್ಲಿ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್. ನಮಗೂ ರಾಸಾಯನಿಕಕ್ಕೂ ನಡುವೆ ಇರುವ ಗೋಡೆ ಅಷ್ಟೇ.

ಆಸಿಡ್ ಅಂದರೆ ಎಲ್ಲರಿಗೂ ಭಯ. ಆದರೆ ಕಣ್ಣಿನ ಮಟ್ಟಿಗೆ ಕ್ಷಾರಗಳು, ಅಂದರೆ ಕಾಸ್ಟಿಕ್ ಸೋಡಾ, ಅಮೋನಿಯಾ, ಸುಣ್ಣ, ಹಸಿ ಸಿಮೆಂಟ್ ಇಂಥವು ಇನ್ನೂ ಕೆಟ್ಟವು. ಹೆಚ್ಚಿನ ಆಸಿಡ್‌ಗಳು ತಾಗಿದ ಜಾಗದ ಪ್ರೋಟೀನನ್ನು ಗಟ್ಟಿ ಮಾಡಿಬಿಡುತ್ತವೆ, ಆ ಗಟ್ಟಿಯಾದ ಪದರವೇ ಆಸಿಡ್ ಇನ್ನೂ ಒಳಗೆ ಹೋಗದಂತೆ ಸ್ವಲ್ಪ ತಡೆಯುತ್ತದೆ. ಹೈಡ್ರೋಫ್ಲೋರಿಕ್ ಆಸಿಡ್ ಮಾತ್ರ ಹಾಗಲ್ಲ, ಅದು ಒಳಗಿಳಿಯುತ್ತದೆ. ಕ್ಷಾರ ಜೀವಕೋಶದ ಕೊಬ್ಬನ್ನು ಸಾಬೂನಿನಂತೆ ಕರಗಿಸಿಕೊಂಡು ಒಳಗೆ ಹೋಗುತ್ತಲೇ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ಕಾರ್ನಿಯಾ ದಾಟಿ ಕಣ್ಣಿನ ಒಳಭಾಗಕ್ಕೂ ಸೇರಬಲ್ಲದು. ಒಮ್ಮೊಮ್ಮೆ ನೋವು ಕಡಿಮೆ ಅನ್ನಿಸಿದರೂ ಒಳಗೆ ಹಾನಿ ಮುಂದುವರಿಯುತ್ತಿರುತ್ತದೆ. ಆದ್ದರಿಂದ 'ಈಗ ಪರವಾಗಿಲ್ಲ' ಅಂತ ಎರಡು ನಿಮಿಷಕ್ಕೇ ತೊಳೆಯುವುದನ್ನು ನಿಲ್ಲಿಸುವುದು ಅಪಾಯ.

ನೀರು ಇಲ್ಲಿ ಎರಡು ಕೆಲಸ ಮಾಡುತ್ತದೆ. ರಾಸಾಯನಿಕವನ್ನು ತೆಳುವಾಗಿಸುತ್ತದೆ, ಜೊತೆಗೆ ಹೊರಗೆ ಕೊಚ್ಚಿಕೊಂಡು ಹೋಗುತ್ತದೆ. ಎರಡನೆಯದೇ ಮುಖ್ಯ. ಅದಕ್ಕೇ ಒಂದು ಲೋಟ ನೀರು ಚಿಮುಕಿಸಿದರೆ ಸಾಲುವುದಿಲ್ಲ, ಹರಿಯುವ ನೀರು ಬೇಕು. ಆಸಿಡ್ ಬಿದ್ದರೆ ಸೋಡಾ ಹಾಕುವುದು, ಕ್ಷಾರ ಬಿದ್ದರೆ ವಿನೆಗರ್ ಹಾಕುವುದು, ಇಂಥ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಆಸಿಡ್ಡೂ ಕ್ಷಾರವೂ ಸೇರಿದಾಗ ಶಾಖ ಹುಟ್ಟುತ್ತದೆ, ಕಣ್ಣಿಗೆ ಇನ್ನೊಂದು ಸುಟ್ಟ ಗಾಯ ಆಗುತ್ತದೆ.

ಎಲ್ಲರೂ ಹಿಡಿಯುವ ಅಳತೆಗಳು

ಈ ವಿಷಯದಲ್ಲಿ ಜಗತ್ತಿನ ಹಲವು ಕಡೆ ಆಧಾರವಾಗಿ ಹಿಡಿಯುವುದು ಅಮೆರಿಕದ ಆನ್ಸಿ ಝಡ್ 358.1 ಅನ್ನುವ ಮಾನದಂಡವನ್ನು. ಮೊದಲು ಬಂದದ್ದು 1981ರಲ್ಲಿ, ಆಮೇಲೆ ಹಲವು ಸಲ ತಿದ್ದುಪಡಿಯಾಯಿತು, 2014ರಲ್ಲೂ ಆಯಿತು. ಯುರೋಪಿನಲ್ಲಿ ಇಎನ್ 15154 ಅಂತ ಬೇರೆಯೇ ಇದೆ. ನಿಮ್ಮ ದೇಶದ ಕಾನೂನು, ನಿಮ್ಮ ಕಂಪನಿಯ ನಿಯಮ ಏನು ಹೇಳುತ್ತದೋ ಅದು ಮೊದಲು. ಆದರೂ ಆನ್ಸಿಯ ಅಂಕಿಗಳು ಗೊತ್ತಿದ್ದರೆ ನಿಮ್ಮ ಮುಂದಿರುವ ಘಟಕ ಎಲ್ಲಿ ನಿಲ್ಲುತ್ತದೆ ಅಂತ ಅಂದಾಜು ಸಿಗುತ್ತದೆ.

ಕಣ್ಣು ಮಾತ್ರ ತೊಳೆಯುವ ಘಟಕದಿಂದ ನಿಮಿಷಕ್ಕೆ ಕನಿಷ್ಠ 1.5 ಲೀಟರ್ ನೀರು 15 ನಿಮಿಷ ಬರಬೇಕು. ಕಣ್ಣು ಮತ್ತು ಮುಖ ಎರಡನ್ನೂ ತೊಳೆಯುವುದಾದರೆ ನಿಮಿಷಕ್ಕೆ 11.4 ಲೀಟರ್. ಪಕ್ಕದಲ್ಲೇ ಇರುವ, ಇಡೀ ಮೈ ತೊಳೆಯುವ ಸೇಫ್ಟಿ ಶವರ್ ಆದರೆ ನಿಮಿಷಕ್ಕೆ 75.7 ಲೀಟರ್, ಅಂದರೆ 15 ನಿಮಿಷಕ್ಕೆ ಸಾವಿರದ ನೂರು ಲೀಟರಿಗೂ ಜಾಸ್ತಿ. ನೀರು ಉಗುರುಬೆಚ್ಚಗೆ, 16ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ವಾಲ್ವ್ ಒಂದು ಸೆಕೆಂಡಿನೊಳಗೆ ತೆರೆಯಬೇಕು, ತೆರೆದ ಮೇಲೆ ಕೈ ಬಿಟ್ಟರೂ ತೆರೆದೇ ಇರಬೇಕು. ಯಾಕೆಂದರೆ ಎರಡೂ ಕೈ ರೆಪ್ಪೆ ಬಿಡಿಸಿ ಹಿಡಿಯಲು ಬೇಕು. ಕಣ್ಣಿಗೆ ಏನಾದರೂ ಬಿದ್ದಾಗ ರೆಪ್ಪೆ ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಬೆರಳಲ್ಲಿ ಬಿಡಿಸದೆ ಇದ್ದರೆ ನೀರು ಹೊರಗಿನ ಚರ್ಮವನ್ನಷ್ಟೇ ತೊಳೆಯುತ್ತದೆ.

ಇನ್ನು ಜಾಗ. ಅಪಾಯ ಇರುವ ಸ್ಥಳದಿಂದ 10 ಸೆಕೆಂಡಿನಲ್ಲಿ ತಲುಪುವಂತಿರಬೇಕು, ಅಂದರೆ ಸುಮಾರು 17 ಮೀಟರ್ ದೂರ. ಅದೇ ಮಟ್ಟದಲ್ಲಿರಬೇಕು, ನಡುವೆ ಮೆಟ್ಟಿಲು ಇರಬಾರದು. ಗಾಢ ಆಸಿಡ್ ಅಥವಾ ಕ್ಷಾರ ಬಳಸುವ ಕಡೆ 10 ಸೆಕೆಂಡೂ ಜಾಸ್ತಿಯೇ, ಅಲ್ಲಿ ಕೆಲಸದ ಜಾಗದ ಪಕ್ಕದಲ್ಲೇ ಬೇಕು. ನಾಜಲ್‌ಗಳು ನೆಲದಿಂದ ಸುಮಾರು 84ರಿಂದ 135 ಸೆಂಟಿಮೀಟರ್ ಎತ್ತರದಲ್ಲಿ, ಗೋಡೆಯಿಂದ ಕನಿಷ್ಠ 15 ಸೆಂಟಿಮೀಟರ್ ಆಚೆ ಇರಬೇಕು.

ಇವೆಲ್ಲ ಅಳವಡಿಸುವಾಗ ಸರಿ ಇರುತ್ತವೆ. ಕೆಡುವುದು ಆಮೇಲೆ.

ಪೈಪಿನಲ್ಲಿ ನಿಂತ ನೀರು

ನನ್ನ ಪ್ರಕಾರ ಇಡೀ ವಿಷಯದಲ್ಲಿ ಜನ ಅತ್ಯಂತ ಕಡಿಮೆ ಯೋಚಿಸುವ ಭಾಗ ಇದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಟ್ಟಡದ ಮುಖ್ಯ ಪೈಪಿನಲ್ಲಿ ನೀರು ಸದಾ ಓಡುತ್ತಿರುತ್ತದೆ. ಅಲ್ಲಿಂದ ಐ ವಾಶ್ ಕಡೆಗೆ ಒಂದು ಕವಲು ಪೈಪ್ ಹೋಗುತ್ತದೆ. ಆ ಕವಲಿನ ತುದಿಯಲ್ಲಿ ಐ ವಾಶ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಯಾರೂ ಅದನ್ನು ತೆರೆಯುವುದಿಲ್ಲವಾದ್ದರಿಂದ ಆ ಪೈಪಿನ ನೀರು ಅಲ್ಲೇ ನಿಂತಿರುತ್ತದೆ. ವಾರ, ತಿಂಗಳು, ಕೆಲವು ಕಡೆ ವರ್ಷ. ನೀರಿಗೆ ಹಾಕಿದ್ದ ಕ್ಲೋರಿನ್ ದಿನ ಕಳೆದಂತೆ ಇಲ್ಲವಾಗುತ್ತದೆ. ಪೈಪಿನ ತುಕ್ಕು, ಮಣ್ಣು, ಸುಣ್ಣದ ಕಣ ತಳಕ್ಕೆ ಇಳಿಯುತ್ತವೆ. ಪೈಪಿನ ಒಳಗೋಡೆಗೆ ಲೋಳೆಯಂಥ ಪದರ ಕಟ್ಟುತ್ತದೆ. ಆ ಲೋಳೆಯೇ ಸೂಕ್ಷ್ಮಜೀವಿಗಳ ಮನೆ.

ಅಕಾಂತಮೀಬಾ ಅಂತ ಒಂದು ಜೀವಿ ಇದೆ, ನೀರಿನಲ್ಲಿ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಆರೋಗ್ಯವಾಗಿರುವ ಕಣ್ಣಿಗೆ ಅದು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಗಾಯವಾದ ಕಾರ್ನಿಯಾದೊಳಗೆ ಸೇರಿಕೊಂಡರೆ ಬರುವ ಸೋಂಕು ಗುಣಪಡಿಸಲು ತುಂಬಾ ಕಷ್ಟ, ದೃಷ್ಟಿಯನ್ನೇ ಕಳೆಯಬಹುದು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಕೂಡ ಕಣ್ಣಿಗೆ ತೀವ್ರ ಸೋಂಕು ತರುತ್ತದೆ. ಲೀಜಿಯೊನೆಲ್ಲಾ ಇನ್ನೊಂದು. ಅದು ಕಣ್ಣಿಗಿಂತ ಶ್ವಾಸಕೋಶಕ್ಕೆ ಅಪಾಯ, ನೀರಿನ ಸಣ್ಣ ಹನಿಗಳು ಗಾಳಿಯಲ್ಲಿ ಹಾರಿ ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಈ ಮೂರನ್ನೂ ಹೆಸರಿಸಿ, ಸರಿಯಾಗಿ ನೋಡಿಕೊಳ್ಳದ ಐ ವಾಶ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಈಗ ಯೋಚನೆ ಮಾಡಿ. ಕ್ಷಾರ ತಾಗಿ ಮೇಲ್ಪದರ ಸುಟ್ಟುಹೋಗಿರುವ ಕಣ್ಣು, ಅಂದರೆ ಯಾವ ರಕ್ಷಣೆಯೂ ಉಳಿಯದ ಕಣ್ಣು, ಅದಕ್ಕೆ ನಾವು ಕೊಡುವ ಮೊದಲ ನೀರೇ ತಿಂಗಳುಗಟ್ಟಲೆ ನಿಂತ ಈ ನೀರು. ವಾರಕ್ಕೊಮ್ಮೆ ಓಡಿಸಿ ಅನ್ನುವುದರ ಹಿಂದಿರುವ ಅರ್ಧ ಕಾರಣ ಇದು. ವಾಲ್ವ್ ಕೆಲಸ ಮಾಡುತ್ತದಾ ಅಂತ ನೋಡುವುದು ಇನ್ನರ್ಧ.

ಹಾಗಾದರೆ ಎಷ್ಟು ಹೊತ್ತು ಓಡಿಸಬೇಕು? ಹಲವರು ಎರಡು ಸೆಕೆಂಡು ಒತ್ತಿ, ನೀರು ಬಂತು ಅಂತ ಟಿಕ್ ಹಾಕಿ ಹೋಗುತ್ತಾರೆ. ಅದರಿಂದ ವಾಲ್ವ್ ತೆರೆಯುತ್ತದೆ ಅಂತ ಗೊತ್ತಾಯಿತು, ಪೈಪಿನ ನೀರು ಮಾತ್ರ ಹಾಗೇ ಉಳಿಯಿತು. ಕವಲು ಪೈಪಿನಲ್ಲಿ ನಿಂತಿರುವ ನೀರೆಲ್ಲ ಹೊರಬಂದು ಮುಖ್ಯ ಪೈಪಿನ ತಾಜಾ ನೀರು ಬರುವ ತನಕ ಓಡಿಸಬೇಕು. ಲೆಕ್ಕ ಕಷ್ಟವಲ್ಲ. ಒಳ ಅಗಲ 25 ಮಿಲಿಮೀಟರ್ ಇರುವ ಪೈಪಿನಲ್ಲಿ ಮೀಟರಿಗೆ ಸುಮಾರು ಅರ್ಧ ಲೀಟರ್ ನೀರು ಹಿಡಿಯುತ್ತದೆ. ಕವಲು 10 ಮೀಟರ್ ಉದ್ದ ಇದ್ದರೆ 5 ಲೀಟರ್. ನಿಮ್ಮ ಘಟಕ ನಿಮಿಷಕ್ಕೆ 1.5 ಲೀಟರ್ ಬಿಡುತ್ತಿದ್ದರೆ ಆ 5 ಲೀಟರ್ ಹೊರಬರಲು ಮೂರು ನಿಮಿಷಕ್ಕೂ ಮೇಲೆ ಬೇಕು. ಅದೇ ಘಟಕ ನಿಮಿಷಕ್ಕೆ 11 ಲೀಟರ್ ಬಿಡುವಂಥದ್ದಾದರೆ ಅರ್ಧ ನಿಮಿಷ ಸಾಕು. ಪೈಪಿನ ಉದ್ದ ಗೊತ್ತಿಲ್ಲದಿದ್ದರೆ ಪ್ಲಂಬರನ್ನು ಕೇಳಿ ಒಂದು ಸಲ ಅಳೆದಿಟ್ಟುಕೊಳ್ಳಿ, ಆ ಘಟಕಕ್ಕೆ ಎಷ್ಟು ನಿಮಿಷ ಅಂತ ಟ್ಯಾಗಿನ ಮೇಲೇ ಬರೆದುಬಿಡಿ. ಆಮೇಲೆ ಯಾರು ಬಂದರೂ ಊಹೆ ಮಾಡಬೇಕಾಗಿಲ್ಲ. ಅಂದಾಜಿಗಿಂತ ಸ್ವಲ್ಪ ಹೆಚ್ಚೇ ಓಡಿಸಿ, ನೀರು ಬಣ್ಣವಿಲ್ಲದೆ, ವಾಸನೆಯಿಲ್ಲದೆ ಬರುವ ತನಕ.

ಬಹಳ ದಿನ ಮುಟ್ಟದೇ ಬಿಟ್ಟ ಘಟಕವನ್ನು ಮೊದಲ ಸಲ ತೆರೆಯುವಾಗ ಹತ್ತಿರ ಬಗ್ಗಬೇಡಿ, ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ಆಗ ಹೊರಬರುವುದು ಅತಿ ಹೊಲಸು ನೀರು. ಕಟ್ಟಡ ವಾರಗಟ್ಟಲೆ ಮುಚ್ಚಿದ್ದು ಮತ್ತೆ ತೆರೆದಾಗಲೂ ಹೀಗೇ.

ವಾರದ ಪರೀಕ್ಷೆ ಮಾಡುವ ರೀತಿ

ಹೋದ ತಕ್ಷಣ ಹಿಡಿ ಒತ್ತಬೇಡಿ, ಮೊದಲು ನೋಡಿ. ನಾಜಲ್ ಮೇಲೆ ದೂಳಿನ ಕ್ಯಾಪ್ ಇದೆಯಾ? ಕ್ಯಾಪ್ ಇಲ್ಲದಿದ್ದರೆ ಗಾಳಿಯಲ್ಲಿರುವ ಪುಡಿ, ಜೇಡರ ಬಲೆ, ಹುಳ ಎಲ್ಲ ನಾಜಲ್ ಒಳಗೆ ಸೇರುತ್ತವೆ, ಅವೆಲ್ಲ ಮೊದಲ ಧಾರೆಯಲ್ಲೇ ಕಣ್ಣಿಗೆ ಹೋಗುತ್ತವೆ. ಬೇಸಿನ್ನಿನಲ್ಲಿ ಕಸ, ಚಹಾ ಲೋಟ, ಕೈಗವಸು ಇಲ್ಲ ತಾನೆ? ಪೈಪಿನ ಜೋಡಣೆ ಎಲ್ಲೂ ಸೋರುತ್ತಿಲ್ಲ ತಾನೆ?

ಆಮೇಲೆ ಹಿಡಿ ಒತ್ತಿ, ಕೈ ತೆಗೆಯಿರಿ. ಕ್ಯಾಪ್‌ಗಳು ನೀರಿನ ಒತ್ತಡಕ್ಕೆ ತಾವಾಗಿ ಬಿಚ್ಚಿಕೊಳ್ಳಬೇಕು, ಅಥವಾ ಹಿಡಿಯ ಜೊತೆಗೇ ತೆರೆದುಕೊಳ್ಳಬೇಕು. ಕೈಯಿಂದ ಕೀಳಬೇಕಾಗಿ ಬಂದರೆ ಅದು ಫೇಲ್. ಹಿಡಿ ಒಂದು ಸಲ ಒತ್ತಿದರೆ ಸಾಕು, ನೀರು ಬರಬೇಕು ಅನ್ನುವುದು ನಿಯಮ. ಸಿಂಕಿನ ನಲ್ಲಿಗೆ ಸಿಕ್ಕಿಸುವ ಐ ವಾಶ್‌ಗಳಲ್ಲಿ ಇದೇ ದೊಡ್ಡ ತೊಂದರೆ. ಮೊದಲು ನಲ್ಲಿ ತಿರುಗಿಸಬೇಕು, ಆಮೇಲೆ ಇನ್ನೊಂದು ಗುಂಡಿ ಎಳೆಯಬೇಕು, ಅಪ್ಪಿತಪ್ಪಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಸುಡುವ ನೀರು ಕಣ್ಣಿಗೆ ಬರುತ್ತದೆ. ಕಣ್ಣು ಕಾಣದವರು ಇದನ್ನೆಲ್ಲ ಮಾಡಬೇಕು ಅಂದುಕೊಳ್ಳುವುದು ತಪ್ಪು. ಅಂಥದ್ದು ನಿಮ್ಮಲ್ಲಿದ್ದರೆ ಬದಲಾಯಿಸಲು ಕೇಳಿ.

ಧಾರೆಯನ್ನು ಗಮನವಿಟ್ಟು ನೋಡಿ. ಎರಡೂ ಕಡೆಯಿಂದ ಒಂದೇ ಎತ್ತರಕ್ಕೆ ಬರುತ್ತಿದೆಯಾ? ಒಂದು ಕಡೆ ಎತ್ತರ, ಇನ್ನೊಂದು ಕಡೆ ಸುಮ್ನೆ ಜಿನುಗುತ್ತಿದ್ದರೆ ಒಂದು ನಾಜಲ್ ಕಟ್ಟಿಕೊಂಡಿದೆ ಅಂತ ಅರ್ಥ. ಗಡಸು ನೀರಿರುವ ಕಡೆ ಬಿಳಿ ಸುಣ್ಣ ಕಟ್ಟುವುದು ಮಾಮೂಲು. ನಾಜಲ್ ಬಿಚ್ಚಿ ವಿನೆಗರ್‌ನಂಥ ಸೌಮ್ಯ ಆಮ್ಲದಲ್ಲಿ ನೆನೆಸಿ, ಬ್ರಶ್ ಮಾಡಿ, ಚೆನ್ನಾಗಿ ತೊಳೆದು ಹಾಕಿ, ಒಳಗಿನ ಜಾಲರಿಯನ್ನೂ ಬಿಡಬೇಡಿ. ಧಾರೆ ತೀರಾ ಜೋರಾಗಿದ್ದರೂ ಸರಿಯಲ್ಲ. ಚುಚ್ಚುವಂತೆ ಬರುವ ನೀರು ಗಾಯದ ಕಣ್ಣಿಗೆ ಇನ್ನಷ್ಟು ಹಾನಿ ಮಾಡುತ್ತದೆ, ಕಣದಂಥ ಪದಾರ್ಥವನ್ನು ಇನ್ನೂ ಒಳಗೆ ತಳ್ಳುತ್ತದೆ. ಮೃದುವಾಗಿ, ಕಾರಂಜಿಯಂತೆ ಮೇಲೆದ್ದು ಬೀಳಬೇಕು. ಜೋರಾಗಿದ್ದರೆ ಹರಿವು ತಗ್ಗಿಸುವ ಭಾಗ ಕೆಟ್ಟಿರಬಹುದು.

ನೀರು ಓಡುತ್ತಿರುವಾಗಲೇ ಕೆಳಗೂ ಕಣ್ಣು ಹಾಯಿಸಿ. ನೀರು ಸರಿಯಾಗಿ ಹೋಗುತ್ತಿದೆಯಾ? ಎಷ್ಟೋ ಕಡೆ ವಾರದ ಪರೀಕ್ಷೆ ನಿಂತುಹೋಗುವುದಕ್ಕೆ ನಿಜವಾದ ಕಾರಣ ಡ್ರೈನ್ ಇಲ್ಲದಿರುವುದು. ಓಡಿಸಿದರೆ ನೆಲವೆಲ್ಲ ಒದ್ದೆ, ಯಾರಾದರೂ ಜಾರಿ ಬೀಳುತ್ತಾರೆ, ಒರೆಸುವವರು ಬೇಕು. ಹಾಗಾಗಿ ಓಡಿಸುವುದೇ ಬೇಡ ಅಂತ ಆಗಿಬಿಡುತ್ತದೆ. ಇದು ಪರೀಕ್ಷೆ ಮಾಡುವವನ ಸೋಮಾರಿತನ ಅಲ್ಲ, ಘಟಕ ಹಾಕಿದ ರೀತಿಯಲ್ಲೇ ಇರುವ ಕೊರತೆ. ಡ್ರೈನ್ ಮಾಡಿಸಿ. ಅದು ಆಗುವ ತನಕ ಬಕೆಟ್, ಅಥವಾ ಪರೀಕ್ಷೆಗೆಂದೇ ಬರುವ ಉದ್ದ ಪ್ಲಾಸ್ಟಿಕ್ ಕೊಳವೆ ಬಳಸಿ ನೀರು ಹಿಡಿಯಿರಿ.

ಕೊನೆಗೆ ಐ ವಾಶ್‌ಗೆ ನೀರು ತರುವ ಪೈಪಿನ ವಾಲ್ವ್ ನೋಡಿ. ಎಲ್ಲೋ ಪೈಪ್ ರಿಪೇರಿಗೆ ಬಂದವರು ಆ ವಾಲ್ವ್ ಮುಚ್ಚಿರುತ್ತಾರೆ, ಕೆಲಸ ಮುಗಿಸಿ ಹೋಗುವಾಗ ತೆರೆಯುವುದು ಬಿಟ್ಟುಹೋಗಿರುತ್ತದೆ. ಐ ವಾಶ್‌ಗೆ ಹೋಗುವ ವಾಲ್ವನ್ನು ತೆರೆದ ಸ್ಥಿತಿಯಲ್ಲೇ ಸೀಲ್ ಮಾಡಿ, ಅಥವಾ ಹಿಡಿ ತೆಗೆದಿಡಿ. ಮುಚ್ಚಲೇಬೇಕಾದರೆ ಸುರಕ್ಷತೆ ನೋಡುವವರಿಗೆ ಹೇಳಿ ಮುಚ್ಚುವ ಪದ್ಧತಿ ಇರಲಿ. ಹಾಗೇ ನೀರು ಪಂಪಿನಿಂದ ನೇರವಾಗಿ ಬರುವಂಥ ಕಟ್ಟಡವಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ, ಕರೆಂಟ್ ಹೋದಾಗ ಐ ವಾಶ್‌ನಲ್ಲಿ ನೀರು ಬರುತ್ತದಾ? ಕರೆಂಟ್ ಹೋದಾಗಲೇ ಕೈ ತಪ್ಪಿ ಏನಾದರೂ ಸಿಡಿಯುವ ಸಾಧ್ಯತೆ ಜಾಸ್ತಿ, ಅಲ್ವಾ?

ದಾರಿ

ಹಿಡಿ, ನಾಜಲ್, ನೀರು ಎಲ್ಲ ಸರಿಯಿದ್ದೂ ಪ್ರಯೋಜನಕ್ಕೆ ಬರದ ಐ ವಾಶ್‌ಗಳು ಬೇಕಾದಷ್ಟಿವೆ. ಅದರ ಮುಂದಿನ ಖಾಲಿ ಜಾಗ ನೋಡಿದವರಿಗೆ ಅದು ಸಾಮಾನು ಇಡುವ ಜಾಗದಂತೆ ಕಾಣುತ್ತದೆ. ಮೊದಲು ಒಂದು ಡಬ್ಬಿ, ಆಮೇಲೆ ಟ್ರಾಲಿ, ಆಮೇಲೆ ಡ್ರಮ್ಮು. ನೆಲದ ಮೇಲೆ ಹಳದಿ ಗೆರೆ ಎಳೆದು, ಅದರೊಳಗೆ ಏನೂ ಇಡಬಾರದು ಅಂತ ಕಟ್ಟುನಿಟ್ಟು ಮಾಡಿದರೆ ಮಾತ್ರ ಇದು ನಿಲ್ಲುತ್ತದೆ. ಬೆಳಕು ಚೆನ್ನಾಗಿರಬೇಕು, ಎದ್ದು ಕಾಣುವ ಫಲಕ ಬೇಕು. ಹತ್ತಿರದಲ್ಲಿ ಕರೆಂಟಿನ ಪ್ಲಗ್, ತೆರೆದ ಪ್ಯಾನೆಲ್ ಇದ್ದರೆ ಬೇರೆಡೆಗೆ ಹಾಕಿಸಿ.

ನನಗೆ ಬಹಳ ಹಿಡಿಸುವ ಒಂದು ಪರೀಕ್ಷೆ ಇದೆ. ರಾಸಾಯನಿಕ ಬಳಸುವ ಜಾಗದಲ್ಲಿ ನಿಂತು ಕಣ್ಣು ಮುಚ್ಚಿಕೊಳ್ಳಿ, ಜೊತೆಗೊಬ್ಬರು ಬೀಳದಂತೆ ಪಕ್ಕದಲ್ಲಿ ನಡೆಯಲಿ, ಐ ವಾಶ್ ತನಕ ಹೋಗಿ ಹಿಡಿ ಒತ್ತಿ. ಕಣ್ಣು ಬಿಟ್ಟು ನಡೆಯುವಾಗ ಕಾಣದ ಎಷ್ಟೋ ವಿಷಯ ಆಗ ಗೊತ್ತಾಗುತ್ತದೆ. ಬಾಗಿಲು ಯಾವ ಕಡೆ ತೆರೆಯುತ್ತದೆ, ಟೇಬಲ್ಲಿನ ಮೂಲೆ ಎಲ್ಲಿ ತಾಗುತ್ತದೆ, ಹಿಡಿ ಬಲಕ್ಕಿದೆಯೋ ಎಡಕ್ಕಿದೆಯೋ, ಎಷ್ಟು ಬಲ ಹಾಕಿ ಒತ್ತಬೇಕು. ಅಪಾಯದ ಕೆಲಸ ಮಾಡುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಬೇರೆ ಯಾವ ತರಬೇತಿಗಿಂತಲೂ ಇದು ನೆನಪಿನಲ್ಲಿ ಉಳಿಯುತ್ತದೆ.

ಬಿಸಿಯೂ ಬೇಡ, ಕೊರೆಯುವ ತಣ್ಣಗೂ ಬೇಡ

15 ನಿಮಿಷ ಅಂದರೆ ಕೇಳಲು ಕಡಿಮೆ, ತೆರೆದ ಕಣ್ಣಿಗೆ ನೀರು ಬಿಟ್ಟುಕೊಂಡು ನಿಲ್ಲಲು ಬಹಳ. ನೀರು ಐಸಿನಂತಿದ್ದರೆ ಒಂದೆರಡು ನಿಮಿಷಕ್ಕೇ ಮುಖ ಹಿಂದಕ್ಕೆ ಹೋಗುತ್ತದೆ. ಅದು ದೇಹ ತಾನಾಗಿ ಮಾಡುವ ಕೆಲಸ. ಇನ್ನು 38 ಡಿಗ್ರಿಗಿಂತ ಬಿಸಿಯಿದ್ದರೆ ಆ ಬಿಸಿಯೇ ಕಣ್ಣಿಗೆ ಹಾನಿ, ಜೊತೆಗೆ ರಾಸಾಯನಿಕದ ಕ್ರಿಯೆಯೂ ಚುರುಕಾಗಬಹುದು. ಬಿಸಿಲಿನಲ್ಲಿ ಹಾದುಬರುವ ಪೈಪು, ಚಾವಣಿಯ ಮೇಲಿನ ಟ್ಯಾಂಕು, ಬಾಯ್ಲರ್ ಪಕ್ಕದಿಂದ ಬರುವ ಪೈಪು ಇವುಗಳಿಂದ ಹೀಗಾಗುತ್ತದೆ. ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿಸಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಜಾಗಗಳಲ್ಲಿ ಅದಕ್ಕೆಂದೇ ಬರುವ ವಾಲ್ವ್, ಪೈಪ್ ಬಿಸಿ ಮಾಡುವ ತಂತಿ ಬೇಕಾಗುತ್ತವೆ.

ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿದ್ದರೆ ಅದೂ ಕೆಡುತ್ತದೆ ಅನ್ನುವುದು ನೆನಪಿರಲಿ. ಐ ವಾಶ್‌ಗೆಂದೇ ತಯಾರಾದ ವಾಲ್ವ್ ಆಗಿರಬೇಕು. ಬಿಸಿನೀರು ನಿಂತರೆ ತಣ್ಣೀರಾದರೂ ಬರುತ್ತಲೇ ಇರಬೇಕು, ತಣ್ಣೀರು ನಿಂತರೆ ಬಿಸಿನೀರು ತಾನಾಗಿ ಬಂದ್ ಆಗಬೇಕು.

ಟ್ಯಾಂಕ್ ಇರುವ ಘಟಕ ಮತ್ತು ಬಾಟಲಿ

ಪೈಪ್ ಎಳೆಯಲಾಗದ ಕಡೆ ಗೋಡೆಗೆ ತೂಗುಹಾಕುವ ಟ್ಯಾಂಕ್ ಬರುತ್ತದೆ. 15 ನಿಮಿಷ, ನಿಮಿಷಕ್ಕೆ 1.5 ಲೀಟರ್ ಅಂದರೆ ಅದರಲ್ಲಿ ಹೆಚ್ಚು ಕಡಿಮೆ 23 ಲೀಟರ್ ಇರಲೇಬೇಕು. ಇಲ್ಲಿ ವಾರ ವಾರ ಓಡಿಸಿದರೆ ಇರುವ ನೀರೇ ಖಾಲಿ, ಆದ್ದರಿಂದ ವಾರಕ್ಕೊಮ್ಮೆ ಕಣ್ಣಿನಿಂದ ನೋಡಬೇಕು. ಮಟ್ಟ ಸರಿಯಿದೆಯಾ, ಸೋರಿಕೆ ಇದೆಯಾ, ನೀರು ಮಬ್ಬಾಗಿದೆಯಾ, ಪಾಚಿ ಕಟ್ಟಿದೆಯಾ, ಸೀಲ್ ಹಾಗೇ ಇದೆಯಾ, ತಾರೀಖು ಮುಗಿದಿದೆಯಾ. ನೀರು ಕೆಡದಂತೆ ಬೆರೆಸುವ ದ್ರಾವಣ ಹಾಕಿದರೆ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಬದಲಾಯಿಸಬೇಕು, ನಿಮ್ಮ ಘಟಕಕ್ಕೆ ಎಷ್ಟು ಅನ್ನುವುದನ್ನು ತಯಾರಕರ ಕೈಪಿಡಿ ಹೇಳುತ್ತದೆ, ಅದನ್ನೇ ಪಾಲಿಸಿ. ಬರೀ ನೀರು ತುಂಬಿಸಿಟ್ಟರೆ ಅಷ್ಟು ದಿನ ತಡೆಯುವುದಿಲ್ಲ. ಮಟ್ಟ ಇಳಿದಿದೆ ಅಂತ ಹಳೆಯ ನೀರಿನ ಮೇಲೆ ಹೊಸ ನೀರು ಸುರಿಯಬೇಡಿ. ಪೂರ್ತಿ ಖಾಲಿ ಮಾಡಿ, ಟ್ಯಾಂಕ್ ಒಳಗೆ ಉಜ್ಜಿ, ಸೋಂಕು ತೆಗೆಯುವ ದ್ರಾವಣದಿಂದ ತೊಳೆದು, ಆ ದ್ರಾವಣದ ಅಂಶ ಉಳಿಯದಂತೆ ಮತ್ತೆ ತೊಳೆದು, ಆಮೇಲೆ ತುಂಬಿಸಿ.

ಬಾಟಲಿಯ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ಲೀಟರ್ ಬಾಟಲಿ ನಿಮಿಷಕ್ಕೆ 1.5 ಲೀಟರ್ ಲೆಕ್ಕದಲ್ಲಿ 20 ಸೆಕೆಂಡಿಗೆ ಖಾಲಿ. ಐ ವಾಶ್ ತಲುಪುವ ತನಕ, ಅಥವಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಐ ವಾಶ್ ಬದಲಿಗೆ ಬಾಟಲಿ ಇಟ್ಟಿದ್ದೇವೆ ಅನ್ನುವುದು ಯಾವ ಲೆಕ್ಕಕ್ಕೂ ಸರಿಯಲ್ಲ. ಒಮ್ಮೆ ತೆರೆದ ಬಾಟಲಿಯನ್ನು ಮತ್ತೆ ಮುಚ್ಚಿ ಇಡಬಾರದು.

ವರ್ಷಕ್ಕೊಮ್ಮೆ ಪೂರ್ತಿ ಅಳತೆ

ವಾರದ ಪರೀಕ್ಷೆ ಕಣ್ಣಳತೆಯದು, ವರ್ಷದ್ದು ನಿಜವಾದ ಅಳತೆಯದು. ಮೇಲೆ ಹೇಳಿದ ಎತ್ತರ, ದೂರ, ಹರಿವು, ಬಿಸಿ ಎಲ್ಲವನ್ನೂ ಮತ್ತೆ ಅಳೆಯಬೇಕು, ಯಾಕೆಂದರೆ ಘಟಕ ಅಲ್ಲೇ ಇದ್ದರೂ ಅದರ ಸುತ್ತಲಿನದು ಬದಲಾಗಿರುತ್ತದೆ. ರಾಸಾಯನಿಕದ ಟೇಬಲ್ ಬೇರೆ ಕಡೆ ಹೋಗಿರುತ್ತದೆ, ಹೊಸ ಗೋಡೆ ಬಂದಿರುತ್ತದೆ, ಹೊಸ ಪದಾರ್ಥ ಬಳಕೆಗೆ ಬಂದಿರುತ್ತದೆ.

ಹರಿವು ಅಳೆಯಲು ಅಳತೆಯ ಬಕೆಟ್ ಮತ್ತು ಗಡಿಯಾರ ಸಾಕು. ಧಾರೆ ಕಣ್ಣಿಗೆ ಸರಿಯಾಗಿ ತಾಗುತ್ತದಾ ಅಂತ ನೋಡಲು ಗೆರೆ ಹಾಕಿದ ಒಂದು ಪಾರದರ್ಶಕ ಪಟ್ಟಿ ಸಿಗುತ್ತದೆ. ಅದನ್ನು ಧಾರೆಯಲ್ಲಿ ನಾಜಲ್‌ಗಿಂತ 20 ಸೆಂಟಿಮೀಟರ್ ಒಳಗಿನ ಎತ್ತರದಲ್ಲಿ ಹಿಡಿದರೆ ಎರಡೂ ಧಾರೆ ಪಟ್ಟಿಯ ಎರಡೂ ಬದಿಯ ಒಳಗೆರೆ ಹೊರಗೆರೆಗಳ ನಡುವಿನ ಜಾಗವನ್ನು ಮುಚ್ಚಬೇಕು. ಬಿಸಿ ನೋಡಲು ಥರ್ಮಾಮೀಟರ್ ಇಡಿ, ಮೊದಲ ನಿಮಿಷದಲ್ಲಿ ಮಾತ್ರ ಅಲ್ಲ, ಪೂರ್ತಿ 15 ನಿಮಿಷ ಓಡಿಸಿ ಕೊನೆಯಲ್ಲೂ ನೋಡಿ. ಹೀಟರ್ ಚಿಕ್ಕದಾಗಿದ್ದರೆ ಐದಾರು ನಿಮಿಷದಲ್ಲೇ ಬೆಚ್ಚನೆ ನೀರು ಮುಗಿದಿರುತ್ತದೆ. ಶವರ್ ಜೊತೆಗಿರುವ ಘಟಕವಾದರೆ ಎರಡನ್ನೂ ಒಟ್ಟಿಗೇ ತೆರೆಯಿರಿ. ಶವರ್ ಶುರುವಾದ ಕೂಡಲೇ ಕಣ್ಣಿನ ಧಾರೆ ಕುಸಿದರೆ ಪೈಪಿನ ಗಾತ್ರ ಸಾಲುತ್ತಿಲ್ಲ ಅಂತ ಅರ್ಥ. ಬಿಸಿಲು ಹೆಚ್ಚಿರುವ ಕಾಲದಲ್ಲಿ ಒಂದು ಸಲ, ಚಳಿಯಲ್ಲಿ ಒಂದು ಸಲ ಬಿಸಿ ಅಳೆದರೆ ಇನ್ನೂ ಒಳ್ಳೆಯದು.

ಫೇಲ್ ಆದರೆ

ಇದೇ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೇಳುವ ಭಾಗ. ಪರೀಕ್ಷೆಯಲ್ಲಿ ಕೆಟ್ಟಿದ್ದು ಕಂಡರೆ ಲಾಗ್ ಬುಕ್ಕಿನಲ್ಲಿ ಬರೆದು ಬಿಟ್ಟರೆ ಆಗಲಿಲ್ಲ. 'ಕೆಟ್ಟಿದೆ, ಬಳಸಬೇಡಿ' ಅಂತ ದೊಡ್ಡದಾಗಿ ಟ್ಯಾಗ್ ಹಾಕಿ, ಹತ್ತಿರದ ಸರಿಯಿರುವ ಘಟಕ ಎಲ್ಲಿದೆ ಅಂತ ಅದರಲ್ಲೇ ಬರೆಯಿರಿ, ಅಲ್ಲಿ ಕೆಲಸ ಮಾಡುವವರಿಗೆ ಬಾಯಲ್ಲಿ ಹೇಳಿ. ಹತ್ತು ಸೆಕೆಂಡಿನಲ್ಲಿ ತಲುಪುವ ಇನ್ನೊಂದು ಘಟಕ ಇಲ್ಲದಿದ್ದರೆ ಟ್ಯಾಂಕ್ ಇರುವ ಘಟಕ ತಂದಿಡಿ. ಅದೂ ಇಲ್ಲವೆಂದರೆ ರಿಪೇರಿ ಆಗುವ ತನಕ ಅಲ್ಲಿ ಆ ರಾಸಾಯನಿಕದ ಕೆಲಸ ನಿಲ್ಲಬೇಕು. ಉತ್ಪಾದನೆ ನಿಲ್ಲುತ್ತದೆ ಅಂತ ಒತ್ತಡ ಬರುತ್ತದೆ, ಗೊತ್ತು. ಆದರೂ ಒಂದು ದಿನದ ಕೆಲಸವನ್ನು ನಾಳೆ ಹಿಡಿಯಬಹುದು, ಕಣ್ಣು ಹಾಗಲ್ಲ.

ದಾಖಲೆಯಲ್ಲಿ ಬರೀ ಟಿಕ್ ಬೇಡ. ತಾರೀಖು, ಯಾರು ನೋಡಿದರು, ಎಷ್ಟು ನಿಮಿಷ ಓಡಿಸಿದರು, ನೀರು ಯಾವಾಗ ತಿಳಿಯಾಯಿತು, ಏನು ಬದಲಾಯಿಸಿದರು. ಪ್ರತಿ ಸಲ ನೀರು ಕೆಂಪಾಗಿ ಬಂದು ಒಂದು ನಿಮಿಷದಲ್ಲಿ ತಿಳಿಯಾಗುತ್ತಿದೆ ಅಂತ ನಾಲ್ಕು ವಾರ ಸತತ ಬರೆದಿದ್ದರೆ ಪೈಪ್ ಒಳಗೆ ತುಕ್ಕು ಹಿಡಿದಿದೆ ಅಂತ ಓದಿದವರಿಗೆ ಗೊತ್ತಾಗುತ್ತದೆ. ಟಿಕ್‌ನಿಂದ ಅದು ಗೊತ್ತಾಗುವುದಿಲ್ಲ. ಈ ಕೆಲಸವನ್ನು ಹೊರಗಿನವರಿಗೆ ವಹಿಸುವುದಕ್ಕಿಂತ ಅಲ್ಲೇ ಕೆಲಸ ಮಾಡುವವರು ಸರದಿಯಲ್ಲಿ ಮಾಡುವುದು ಒಳ್ಳೆಯದು. ಪ್ರತಿಯೊಬ್ಬರ ಕೈಗೂ ಆ ಹಿಡಿ ಅಭ್ಯಾಸ ಆಗುತ್ತದೆ.

ನಿಜಕ್ಕೂ ಬಳಸಬೇಕಾಗಿ ಬಂದಾಗ

ಪಕ್ಕದಲ್ಲಿರುವವರು ಗಾಯಾಳುವನ್ನು ಕೈ ಹಿಡಿದು ಕರೆತನ್ನಿ, ಇನ್ನೊಬ್ಬರು ಸಹಾಯಕ್ಕೆ ಫೋನ್ ಮಾಡಲಿ. ನೀರು ಬಿಟ್ಟು ರೆಪ್ಪೆ ಬಿಡಿಸಿ ಹಿಡಿಯಿರಿ, ಕಣ್ಣುಗುಡ್ಡೆಯನ್ನು ಮೇಲೆ, ಕೆಳಗೆ, ಎರಡೂ ಪಕ್ಕಕ್ಕೆ ಹೊರಳಿಸಲು ಹೇಳಿ. ಸುಣ್ಣ, ಸಿಮೆಂಟಿನ ಕಣ ರೆಪ್ಪೆಯ ಅಡಿಯಲ್ಲಿ ಕೂತಿರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಿರಿ, ಲೆನ್ಸ್ ತೆಗೆದು ಆಮೇಲೆ ತೊಳೆಯೋಣ ಅಂತ ಕಾಯಬೇಡಿ. ಗಡಿಯಾರ ನೋಡುವವರು ಒಬ್ಬರಿರಲಿ, ನೋವಿನಲ್ಲಿರುವವರಿಗೆ ಮೂರು ನಿಮಿಷವೇ 15 ಅನ್ನಿಸುತ್ತದೆ. ಕ್ಷಾರವಾದರೆ 15 ನಿಮಿಷದ ಮೇಲೂ ತೊಳೆಯಬೇಕಾಗುತ್ತದೆ. ಕಣ್ಣಿನ ಪಿಎಚ್, ಅಂದರೆ ಆಸಿಡ್ ಕ್ಷಾರದ ಅಳತೆ, ಮಾಮೂಲಿ ಮಟ್ಟಕ್ಕೆ ಬರುವ ತನಕ ಆಸ್ಪತ್ರೆಯಲ್ಲೂ ತೊಳೆಯುವುದು ಮುಂದುವರಿಯುತ್ತದೆ. ಯಾವ ರಾಸಾಯನಿಕ ಅಂತ ಡಾಕ್ಟರಿಗೆ ಗೊತ್ತಾಗಲು ಅದರ ಸುರಕ್ಷತಾ ಹಾಳೆಯನ್ನು ಜೊತೆಗೆ ಕಳಿಸಿ. ಕಣ್ಣು ಸರಿಯಾಯಿತು ಅನ್ನಿಸಿದರೂ ಡಾಕ್ಟರ ಹತ್ತಿರ ಹೋಗಲೇಬೇಕು.

ಆ ಗಲಾಟೆ ತಣ್ಣಗಾದ ಮೇಲೆ ಘಟಕವನ್ನು ಹಾಗೇ ಬಿಡಬೇಡಿ. ಬೇಸಿನ್ನಿನಲ್ಲಿ ರಾಸಾಯನಿಕದ ಅಂಶ ಇರುತ್ತದೆ, ಕೈಗವಸು ಹಾಕಿ ತೊಳೆಯಿರಿ. ಡ್ರೈನಿಗೆ ಹೋದ ನೀರಿನಲ್ಲೂ ಅದೇ ಇರುತ್ತದೆ, ನಿಮ್ಮಲ್ಲಿ ತ್ಯಾಜ್ಯ ನೀರು ನೋಡಿಕೊಳ್ಳುವವರಿಗೆ ತಿಳಿಸಿ. ಕ್ಯಾಪ್‌ಗಳನ್ನು ತೊಳೆದು ಮತ್ತೆ ಹಾಕಿ. ಟ್ಯಾಂಕ್ ಇರುವ ಘಟಕವಾದರೆ ಪೂರ್ತಿ ಖಾಲಿ ಮಾಡಿ ತುಂಬಿಸುವ ತನಕ ಅದು ಕೆಟ್ಟಿದ್ದಕ್ಕೆ ಸಮ, ಆದ್ದರಿಂದ ಅದೇ ಶಿಫ್ಟಿನಲ್ಲಿ ತುಂಬಿಸಿ, ಮಟ್ಟ ಸರಿಯಿದೆಯಾ, ಸೋರಿಕೆ ಇದೆಯಾ ನೋಡಿ, ತಾರೀಖು ಹಾಕಿ ಸಹಿ ಮಾಡಿ.